ಒಂದೇ ಫೈಲು ವೆಬ್‌ಗೂ ಇಪಬ್‌ಗೂ: ಎಚ್‌ಟಿಎಂಎಲ್, ಎಕ್ಸ್‌ಎಂಎಲ್ ಎರಡಕ್ಕೂ ಒಪ್ಪುವಂತೆ ಬರೆಯುವುದು ಹೇಗೆ?

ಪುಟಜೋಡಣೆ

ಎಲ್ಲರಿಗೂ ನಮಸ್ಕಾರ. ಕನ್ನಡ ಪುಸ್ತಕವೊಂದರ ಅಧ್ಯಾಯಗಳು ಎಕ್ಸ್‌ಎಂಎಲ್ ಮೂಲದಲ್ಲಿವೆ. ಎಕ್ಸ್‌ಎಸ್‌ಎಲ್‌ಟಿ (ಎಕ್ಸ್‌ಎಂಎಲ್ ಅನ್ನು ಬೇರೆ ರೂಪಕ್ಕೆ ತರುವ ಭಾಷೆ) ಓಡಿಸಿದಾಗ ಬರುವ ಅದೇ ಫೈಲು ಇಪಬ್ (ಇ-ಪುಸ್ತಕ) ಒಳಗೂ ಹೋಗಬೇಕು, ಜಾಲತಾಣಕ್ಕೂ ಹೋಗಬೇಕು. ತೊಂದರೆ ಮೂರು ಕಡೆ ಇದೆ.

ಒಂದು, ಇಪಬ್ ರೀಡರ್‌ನಲ್ಲಿ ಚೆನ್ನಾಗಿ ತೆರೆಯುವ ಅಧ್ಯಾಯ ಬ್ರೌಸರ್‌ನಲ್ಲಿ ಪೂರ್ತಿ ಬಿಳಿ. ವ್ಯೂ ಸೋರ್ಸ್ ಮಾಡಿದರೆ ಪಠ್ಯವೆಲ್ಲ ಅಲ್ಲೇ ಇದೆ. ಎರಡು, ಇನ್ನೊಂದು ಅಧ್ಯಾಯದಲ್ಲಿ ಮಧ್ಯದಿಂದ ಕೆಳಗೆ ಎಲ್ಲ ಪ್ಯಾರಾಗಳಿಗೂ ಲಿಂಕಿನ ಬಣ್ಣ ಬಂದಿದೆ. ಮೂರು, ಕೈಯಲ್ಲಿ ತಿದ್ದಿದ ಅಧ್ಯಾಯಗಳಿಗೆ ಇಪಬ್‌ಚೆಕ್ (ಇಪಬ್ ಪರೀಕ್ಷಿಸುವ ಉಪಕರಣ) ಆರ್‌ಎಸ್‌ಸಿ-016 ಫೇಟಲ್ ಎರರ್ ಕೊಡುತ್ತಿದೆ, ಎಂಟಿಟಿ (ಅಕ್ಷರದ ಬದಲು ಬರೆಯುವ ಸಂಕೇತ) ಡಿಕ್ಲೇರ್ ಆಗಿಲ್ಲ ಎನ್ನುತ್ತದೆ. ಎಲ್ಲಿಂದ ಶುರು ಮಾಡಲಿ?

ಕೋನಾವರಣ

(ಟ್ಯಾಗ್, ಆ್ಯಟ್ರಿಬ್ಯೂಟ್ ಹೆಸರುಗಳನ್ನು ಉಚ್ಚಾರದಂತೆ ಬರೆದಿದ್ದೇನೆ. ಫೈಲಿನಲ್ಲಿ ಅವು ಇಂಗ್ಲಿಷ್ ಸಣ್ಣಕ್ಷರದಲ್ಲಿರಬೇಕು. ಎಕ್ಸ್‌ಎಂಎಲ್‌ಗೆ ದೊಡ್ಡಕ್ಷರವೇ ಬೇರೆ, ಸಣ್ಣಕ್ಷರವೇ ಬೇರೆ.)

ಮೊದಲೆರಡೂ ಒಂದೇ ರೋಗ. ಎಕ್ಸ್‌ಎಂಎಲ್ ಮಟ್ಟಿಗೆ ಖಾಲಿ ಎಲಿಮೆಂಟನ್ನು ತೆರೆದು ಮುಚ್ಚಿದರೂ ಸರಿ, ಕೊನೆಗೆ ಸ್ಲ್ಯಾಶ್ ಹಾಕಿ ಒಂದೇ ಟ್ಯಾಗಿನಲ್ಲಿ ಮುಗಿಸಿದರೂ ಸರಿ. ನಿಮ್ಮ ಎಕ್ಸ್‌ಎಸ್‌ಎಲ್‌ಟಿಯಲ್ಲಿ ಔಟ್‌ಪುಟ್ ಮೆಥಡ್ "ಎಕ್ಸ್‌ಎಂಎಲ್" ಎಂದಿರಬೇಕು. ಅದು ಖಾಲಿ ಕಂಡದ್ದನ್ನೆಲ್ಲ ಮಡಚಿ ಸ್ಲ್ಯಾಶ್ ಹಾಕಿಬಿಡುತ್ತದೆ. ಎಚ್‌ಟಿಎಂಎಲ್ ಪಾರ್ಸರ್ (ಫೈಲನ್ನು ಓದಿ ಬಿಡಿಸುವ ಭಾಗ) ಆ ಸ್ಲ್ಯಾಶನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಅದಕ್ಕೆ ಅದು ಬರೀ ತೆರೆಯುವ ಟ್ಯಾಗ್.

ಹೆಡ್‌ನಲ್ಲಿ ಹೊರಗಿನ ಜಾವಾಸ್ಕ್ರಿಪ್ಟ್ ಫೈಲನ್ನು ಕರೆಯುವ ಸ್ಕ್ರಿಪ್ಟ್ ಟ್ಯಾಗ್ ಹೀಗೆ ಮಡಚಿಕೊಂಡರೆ, ಅಲ್ಲಿಂದ ಮುಂದಿನ ಸ್ಕ್ರಿಪ್ಟ್ ಮುಚ್ಚುವ ಟ್ಯಾಗ್ ಸಿಗುವವರೆಗೆ ಬಂದದ್ದೆಲ್ಲ ಸ್ಕ್ರಿಪ್ಟೇ. ಅದು ಸಿಗದಿದ್ದರೆ ಫೈಲಿನ ಕೊನೆಯವರೆಗೂ ನುಂಗುತ್ತದೆ. ನಿಮ್ಮ ಬಿಳಿ ಪುಟ ಅದೇ. ಟೈಟಲ್, ಟೆಕ್ಸ್ಟ್‌ಏರಿಯಾ, ಐಫ್ರೇಮ್, ಸ್ಟೈಲ್ ಕೂಡ ಹೀಗೆಯೇ ನುಂಗುತ್ತವೆ.

ಎರಡನೆಯದು ಹೆಚ್ಚುಕಡಿಮೆ ಖಂಡಿತ ಮುದ್ರಿತ ಪುಟಸಂಖ್ಯೆ ಗುರುತಿಸಲು ಹಾಕಿದ ಖಾಲಿ ಎ ಟ್ಯಾಗ್. ಐಡಿ ಮಾತ್ರ ಇದೆ, ಒಳಗೆ ಏನೂ ಇಲ್ಲ, ಮಡಚಿಕೊಂಡಿದೆ. ಎ, ಬಿ, ಐ, ಎಂ, ಸ್ಟ್ರಾಂಗ್ ಇವೆಲ್ಲ ಎಚ್‌ಟಿಎಂಎಲ್ ಪಾರ್ಸರ್ ಲೆಕ್ಕದಲ್ಲಿ ಫಾರ್ಮ್ಯಾಟಿಂಗ್ ಎಲಿಮೆಂಟ್‌ಗಳು. ಮುಚ್ಚದೆ ಬಿಟ್ಟರೆ ಆ ಪ್ಯಾರಾ ಮುಗಿದ ಮೇಲೂ ಮುಂದಿನ ಪ್ರತಿ ಪ್ಯಾರಾದಲ್ಲಿ ಪಾರ್ಸರ್ ಅದನ್ನು ತಾನಾಗಿ ಮತ್ತೆ ತೆರೆಯುತ್ತದೆ. ಖಾಲಿ ಐ ಟ್ಯಾಗ್ ಆಗಿದ್ದರೆ ಕೆಳಗಿನದೆಲ್ಲ ಇಟಾಲಿಕ್ ಆಗುತ್ತಿತ್ತು. ಸ್ಪ್ಯಾನ್ ಈ ಗುಂಪಿಗೆ ಸೇರಿಲ್ಲ, ಅದರ ಹಾನಿ ಆ ಪ್ಯಾರಾಕ್ಕೇ ಮುಗಿಯುತ್ತದೆ. ಖಾಲಿ ಡಿವ್ ಮಡಚಿಕೊಂಡರೆ ಅದರ ನಂತರದ್ದೆಲ್ಲ ಅದರ ಹೊಟ್ಟೆಯೊಳಗೆ ಸೇರಿ ಲೇಔಟ್ ಕದಡುತ್ತದೆ.

ನಿಯಮ ಇಷ್ಟೆ. ಸ್ಲ್ಯಾಶ್ ಹಾಕಿ ಮುಗಿಸಬಹುದಾದವು ಈ 13 ಮಾತ್ರ: ಏರಿಯಾ, ಬೇಸ್, ಬಿಆರ್, ಕಾಲ್, ಎಂಬೆಡ್, ಎಚ್‌ಆರ್, ಐಎಂಜಿ, ಇನ್‌ಪುಟ್, ಲಿಂಕ್, ಮೆಟಾ, ಸೋರ್ಸ್, ಟ್ರ್ಯಾಕ್, ಡಬ್ಲ್ಯುಬಿಆರ್. ಉಳಿದವು ಖಾಲಿ ಇದ್ದರೂ ತೆರೆದು ಮುಚ್ಚಬೇಕು. ಎಸ್‌ವಿಜಿ, ಮ್ಯಾಥ್‌ಎಂಎಲ್ ಒಳಗೆ ಮಾತ್ರ ಸ್ಲ್ಯಾಶಿಗೆ ಎರಡೂ ಪಾರ್ಸರ್‌ಗಳು ಬೆಲೆ ಕೊಡುತ್ತವೆ, ಅಲ್ಲಿ ಚಿಂತೆಯಿಲ್ಲ.

ಉಲ್ಟಾ ತಪ್ಪೂ ಇದೆ. ಕೆನಾನಿಕಲ್ ಎಕ್ಸ್‌ಎಂಎಲ್ ರೂಪಕ್ಕೆ ತರುವ ಉಪಕರಣಗಳು ಎಲ್ಲವನ್ನೂ ತೆರೆದು ಮುಚ್ಚುತ್ತವೆ, ಬಿಆರ್ ಅನ್ನೂ ಸೇರಿಸಿ. ಎಚ್‌ಟಿಎಂಎಲ್ ಪಾರ್ಸರ್ ಬಿಆರ್ ಮುಚ್ಚುವ ಟ್ಯಾಗ್ ಕಂಡರೆ ಇನ್ನೊಂದು ಬಿಆರ್ ಹುಟ್ಟಿಸುತ್ತದೆ. ಪದ್ಯದ ಸಾಲುಗಳ ನಡುವೆ ಇದ್ದಕ್ಕಿದ್ದಂತೆ ದುಪ್ಪಟ್ಟು ಅಂತರ ಕಂಡರೆ ಅಲ್ಲಿ ಹುಡುಕಿ.

ಪುಟಜೋಡಣೆ

ಪುಟಸಂಖ್ಯೆ ಆ್ಯಂಕರ್‌ಗಳೇ ಹೌದು. ಎಕ್ಸ್‌ಎಸ್‌ಎಲ್‌ಟಿಯಲ್ಲಿ ಏನು ಬದಲಿಸಬೇಕು? ಅದನ್ನು ಓಡಿಸಲು ಒಂದು ಯಂತ್ರದಲ್ಲಿ ಸ್ಯಾಕ್ಸನ್ ಇದೆ, ಇನ್ನೊಂದರಲ್ಲಿ ಎಕ್ಸ್‌ಎಸ್‌ಎಲ್‌ಟಿಪ್ರಾಕ್ ಮಾತ್ರ.

ಕೋನಾವರಣ

ಸ್ಯಾಕ್ಸನ್ ಇರುವಲ್ಲಿ ಕೆಲಸ ಹಗುರ. ಔಟ್‌ಪುಟ್ ಮೆಥಡ್ "ಎಕ್ಸ್‌ಎಚ್‌ಟಿಎಂಎಲ್" ಮಾಡಿ, ಎಚ್‌ಟಿಎಂಎಲ್-ವರ್ಷನ್ 5 ಕೊಡಿ. ಆಗ ಸರಿಯಾದ ಡಾಕ್‌ಟೈಪ್ ತಾನಾಗಿ ಬರುತ್ತದೆ, ಖಾಲಿ ಎಲಿಮೆಂಟ್‌ಗಳೂ ಮೇಲಿನ ನಿಯಮದಂತೆ ಬರುತ್ತವೆ. ಜೊತೆಗೆ ಇನ್ನೆರಡು ಗುಂಡಿ ಒತ್ತಲೇಬೇಕು. ಒಮಿಟ್-ಎಕ್ಸ್‌ಎಂಎಲ್-ಡಿಕ್ಲರೇಶನ್ "ಯೆಸ್", ಏಕೆಂದರೆ ಎಚ್‌ಟಿಎಂಎಲ್ ಪಾರ್ಸರ್‌ಗೆ ಆ ಮೊದಲ ಸಾಲು ಕೆಟ್ಟ ಕಾಮೆಂಟ್ ಅಷ್ಟೆ. ಯುಟಿಎಫ್-8 ಇದ್ದರೆ ಎಕ್ಸ್‌ಎಂಎಲ್‌ಗೂ ಅದು ಬೇಕಿಲ್ಲ. ಇನ್‌ಕ್ಲೂಡ್-ಕಂಟೆಂಟ್-ಟೈಪ್ "ನೋ". ಇದನ್ನು ಬಿಟ್ಟರೆ ಸೀರಿಯಲೈಸರ್ (ಫಲಿತಾಂಶವನ್ನು ಫೈಲಾಗಿ ಬರೆಯುವ ಭಾಗ) ಹಳೆಯ ಎಚ್‌ಟಿಟಿಪಿ-ಈಕ್ವಿವ್ ಮೆಟಾ ಟ್ಯಾಗನ್ನು ತುರುಕುತ್ತದೆ, ಎಕ್ಸ್‌ಎಂಎಲ್ ಕಡೆ ಅದಕ್ಕೆ ಅನುಮತಿಯಿಲ್ಲ. ಬದಲಿಗೆ ಮೆಟಾ ಚಾರ್‌ಸೆಟ್ ಯುಟಿಎಫ್-8 ಎಂದು ನೀವೇ ಬರೆಯಿರಿ. ಎಚ್‌ಟಿಎಂಎಲ್‌ಗೆ ಅದು ಬೇಕು, ಎಕ್ಸ್‌ಎಂಎಲ್‌ನಲ್ಲಿ ಅದರಿಂದ ಪರಿಣಾಮವೂ ಇಲ್ಲ, ತಪ್ಪೂ ಇಲ್ಲ.

ಎಕ್ಸ್‌ಎಸ್‌ಎಲ್‌ಟಿಪ್ರಾಕ್‌ಗೆ ಗೊತ್ತಿರುವುದು 1.0 ಮಾತ್ರ, ಅದರಲ್ಲಿ ಈ ಮೆಥಡ್ ಇಲ್ಲ. ಅಲ್ಲಿ ಸ್ಕ್ರಿಪ್ಟ್ ಟ್ಯಾಗ್ ಒಳಗೆ ಎಕ್ಸ್‌ಎಸ್‌ಎಲ್:ಟೆಕ್ಸ್ಟ್‌ನಿಂದ ಒಂದು ಸ್ಪೇಸ್ ಇಡಿ, ಮಡಚಿಕೊಳ್ಳುವುದಿಲ್ಲ. ಆ್ಯಂಕರ್‌ಗಳಿಗೆ ಸ್ಪೇಸ್ ಇಟ್ಟು ಪದದ ಮಧ್ಯೆ ಬಿರುಕು ತರಬೇಡಿ. ಪುಟ ಪ್ಯಾರಾದ ಆರಂಭದಲ್ಲೇ ಒಡೆಯುವಂತಿದ್ದರೆ ಐಡಿಯನ್ನು ಪಿ ಟ್ಯಾಗಿನ ಮೇಲೇ ಹಾಕಿ. ಪೈಥಾನ್ ಬಳಸುವವರಿಗೆ: ಎಲ್‌ಎಕ್ಸ್‌ಎಂಎಲ್ ಲೈಬ್ರರಿಯಲ್ಲಿ ಆ 13 ಬಿಟ್ಟು ಉಳಿದ ಖಾಲಿ ಎಲಿಮೆಂಟ್‌ಗಳ ಟೆಕ್ಸ್ಟ್‌ಗೆ ಖಾಲಿ ಸ್ಟ್ರಿಂಗ್ ಕೊಟ್ಟರೆ ತೆರೆದು ಮುಚ್ಚಿ ಬರೆಯುತ್ತದೆ.

ಐಡಿ ವಿಷಯ ಬಂತು, ಹೇಳಿಬಿಡುತ್ತೇನೆ. ಅಂಕಿಯಿಂದ ಶುರುವಾಗುವ ಐಡಿ ("23" ತರಹದ್ದು) ಎಚ್‌ಟಿಎಂಎಲ್‌ಗೆ ಸರಿ, ಎಕ್ಸ್‌ಎಂಎಲ್‌ನ ಐಡಿ ನಿಯಮಕ್ಕೆ ಒಪ್ಪುವುದಿಲ್ಲ. ಮುಂದೆ ಒಂದು ಅಕ್ಷರ ಸೇರಿಸಿ.

ಲಿಪಿಕಾರ

ಮೂರನೆಯ ತೊಂದರೆಗೆ ನಾನು ಬರೆಯುತ್ತೇನೆ, ಅದು ಕನ್ನಡದವರನ್ನು ಹೆಚ್ಚು ಕಾಡುವಂಥದ್ದು. "ಸಾಫ್ಟ್‌ವೇರ್" ಎನ್ನುವಲ್ಲಿ ಟ್ ಕೆಳಗೆ ವ ಒತ್ತಾಗಿ ಕೂರದಂತೆ ತಡೆಯಲು ಝಡ್‌ಡಬ್ಲ್ಯುಎನ್‌ಜೆ (ಅಕ್ಷರ ಕೂಡದಂತೆ ತಡೆಯುವ, ಅಗಲವಿಲ್ಲದ ಗುರುತು) ಬೇಕು. "ರ‍್ಯಾಂಕ್" ಎನ್ನುವಲ್ಲಿ ರ ಪೂರ್ತಿ ನಿಂತು ಯ ಒತ್ತಾಗಲು ಝಡ್‌ಡಬ್ಲ್ಯುಜೆ (ಕೂಡಿಸುವ, ಅಗಲವಿಲ್ಲದ ಗುರುತು) ಬೇಕು. ಕೈಯಲ್ಲಿ ತಿದ್ದುವವರು ಇವನ್ನು ಹೆಸರಿನ ಎಂಟಿಟಿಯಾಗಿ ಬರೆದಿರುತ್ತಾರೆ. ಎಚ್‌ಟಿಎಂಎಲ್‌ಗೆ ಆ ಹೆಸರುಗಳು ಗೊತ್ತು. ಎಕ್ಸ್‌ಎಂಎಲ್‌ಗೆ ಡಿಟಿಡಿ (ಇಂಥ ಹೆಸರುಗಳನ್ನು ಘೋಷಿಸುವ ಕಡತ) ಇಲ್ಲದೆ ಗೊತ್ತಿರುವುದು ಐದೇ: ಆ್ಯಂಪ್, ಎಲ್‌ಟಿ, ಜಿಟಿ, ಕ್ವಾಟ್, ಅಪೋಸ್. ಆರನೆಯದು ಕಂಡ ಕೂಡಲೇ ಫೈಲು ಓದುವುದನ್ನೇ ನಿಲ್ಲಿಸುತ್ತದೆ.

ಸಂಖ್ಯೆಯಲ್ಲಿ ಬರೆಯಿರಿ. ಝಡ್‌ಡಬ್ಲ್ಯುಎನ್‌ಜೆ &#8204; ಝಡ್‌ಡಬ್ಲ್ಯುಜೆ &#8205; ಒಡೆಯದ ಸ್ಪೇಸ್ &#160; ಉದ್ದ ಗೆರೆ &#8212; ರೂಪಾಯಿ &#8377;. ನೇರವಾಗಿ ಆ ಅಕ್ಷರವನ್ನೇ ಇಟ್ಟರೂ ಎರಡೂ ಕಡೆ ಸರಿ. ಆದರೆ ಝಡ್‌ಡಬ್ಲ್ಯುಎನ್‌ಜೆ ಕಣ್ಣಿಗೆ ಕಾಣುವುದಿಲ್ಲ, "ಅನಗತ್ಯ ಅಕ್ಷರ ತೆಗೆಯುವ" ಸ್ಕ್ರಿಪ್ಟುಗಳು ಅದನ್ನು ಕಿತ್ತು ಬಿಸಾಡಿದರೆ ಕರಡು ತಿದ್ದುವವರಿಗೂ ಬೇಗ ಗೊತ್ತಾಗುವುದಿಲ್ಲ. ಕೈಯಲ್ಲಿ ತಿದ್ದುವ ಫೈಲಿಗೆ ಸಂಖ್ಯೆಯೇ ಕ್ಷೇಮ ಎಂಬುದು ನನ್ನ ಮತ.

ಇನ್ನೊಂದು ಗುಪ್ತ ಶತ್ರು ಕಂಟ್ರೋಲ್ ಅಕ್ಷರಗಳು. ವರ್ಡ್‌ನಿಂದ ತಂದ ಪಠ್ಯದಲ್ಲಿ ಶಿಫ್ಟ್-ಎಂಟರ್ ಒತ್ತಿ ಮುರಿದ ಸಾಲು 11ನೇ ಸಂಕೇತವಾಗಿ ಉಳಿದಿರಬಹುದು. ಪಿಡಿಎಫ್‌ನಿಂದ ಪಠ್ಯ ತೆಗೆದಾಗ ಪುಟ ಬದಲಾಗುವಲ್ಲಿ 12ನೇ ಸಂಕೇತ ಬರುತ್ತದೆ. 32ಕ್ಕಿಂತ ಕೆಳಗಿನವುಗಳಲ್ಲಿ ಎಕ್ಸ್‌ಎಂಎಲ್ 1.0 ಒಪ್ಪುವುದು 9, 10, 13 ಮಾತ್ರ. ಉಳಿದವನ್ನು &#11; ಎಂದು ಸಂಖ್ಯೆಯಾಗಿ ಬರೆದರೂ ಒಪ್ಪುವುದಿಲ್ಲ. ಎಕ್ಸ್‌ಎಂಎಲ್ ಪರೀಕ್ಷಿಸುವ ಉಪಕರಣ ಎಕ್ಸ್‌ಎಂಎಲ್‌ಲಿಂಟ್ "ಇನ್‌ವ್ಯಾಲಿಡ್ ಚಾರ್ ವ್ಯಾಲ್ಯೂ 11" ಎಂದರೆ ಅದೇ. ಬ್ರೌಸರ್ ಮಾತ್ರ ಎಚ್‌ಟಿಎಂಎಲ್ ಆಗಿ ಓದುವಾಗ ತುಟಿ ಪಿಟಕ್ಕೆನ್ನುವುದಿಲ್ಲ.

ಭಾಷೆಯ ಗುರುತೂ ಎರಡು ಸಲ ಬೇಕು: ಲ್ಯಾಂಗ್ ಒಂದು, ಎಕ್ಸ್‌ಎಂಎಲ್:ಲ್ಯಾಂಗ್ ಒಂದು, ಎರಡಕ್ಕೂ ಕನ್ನಡದ ಎರಡಕ್ಷರದ ಕೋಡು. ಎಚ್‌ಟಿಎಂಎಲ್‌ನಲ್ಲಿ ಎರಡನೆಯದಕ್ಕೆ ಅರ್ಥವಿಲ್ಲ, ಸಾಮಾನ್ಯ ಎಕ್ಸ್‌ಎಂಎಲ್ ಉಪಕರಣಗಳಿಗೆ ಮೊದಲನೆಯದು ಗೊತ್ತಿಲ್ಲ. ಸಿಎಸ್‌ಎಸ್‌ನಲ್ಲಿ ಆ್ಯಟ್ರಿಬ್ಯೂಟ್ ಹುಡುಕುವ ಬದಲು ಕೋಲನ್ ಹಾಕಿದ ಲ್ಯಾಂಗ್ ಸೆಲೆಕ್ಟರ್ ಬಳಸಿ, ಎರಡೂ ಕಡೆ ಒಂದೇ ಥರ ನಡೆಯುತ್ತದೆ.

ಹಳೆಯಟ್ಯಾಗು

ಬೇಸರ ಮಾಡಿಕೊಳ್ಳಬೇಡಿ, ಇಷ್ಟೆಲ್ಲ ಪಾಡು ಯಾಕೆ? ಎಕ್ಸ್‌ಎಚ್‌ಟಿಎಂಎಲ್ 1.0 ಬಂದದ್ದು 2000ರ ಜನವರಿಯಲ್ಲಿ, ಅದರ ಅನುಬಂಧ ಸಿ ಇದೇ ಕಥೆ ಹೇಳಿತ್ತು. ಎಲ್ಲರೂ ಎಕ್ಸ್‌ಎಚ್‌ಟಿಎಂಎಲ್ ಎಂದು ಬರೆದು ಟೆಕ್ಸ್ಟ್/ಎಚ್‌ಟಿಎಂಎಲ್ ಎಂದು ಕಳಿಸಿದರು; ಬ್ರೌಸರ್ ಎಂದೂ ಎಕ್ಸ್‌ಎಂಎಲ್ ಪಾರ್ಸರ್ ಮುಟ್ಟಲೇ ಇಲ್ಲ. ನಿಜವಾದ ಮೈಮ್ ಟೈಪಿನಲ್ಲಿ (ಫೈಲು ಯಾವ ಬಗೆಯದೆಂದು ಸರ್ವರ್ ಹೇಳುವ ಗುರುತು) ಕಳಿಸಿದರೆ ಇಂಟರ್ನೆಟ್ ಎಕ್ಸ್‌ಪ್ಲೋರರ್ 8ರವರೆಗೂ ಪುಟ ತೋರಿಸುವ ಬದಲು ಡೌನ್‌ಲೋಡ್ ಮಾಡಲೇ ಎಂದು ಕೇಳುತ್ತಿತ್ತು. 2011ರ 9ನೇ ಆವೃತ್ತಿಗೆ ಅದು ಸರಿಹೋಗುವಷ್ಟರಲ್ಲಿ ಜನ ಆಸಕ್ತಿ ಕಳೆದುಕೊಂಡಿದ್ದರು. ಎರಡಕ್ಕೂ ಒಪ್ಪುವ ಇಂಥ ಬರವಣಿಗೆಗೆ ಪಾಲಿಗ್ಲಾಟ್ ಮಾರ್ಕಪ್ ಎಂಬ ಹೆಸರಿನಲ್ಲಿ ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯು3ಸಿ 2010ರಲ್ಲಿ ಕರಡು ತೆಗೆದು, 2015ರಲ್ಲಿ ಬರೀ ಟಿಪ್ಪಣಿಯಾಗಿ ಪ್ರಕಟಿಸಿ ಕೈಬಿಟ್ಟಿತು. ಬಿಆರ್ ಮುಂದೆ ಸ್ಪೇಸ್ ಬಿಟ್ಟು ಸ್ಲ್ಯಾಶ್ ಹಾಕುವ ಅಭ್ಯಾಸ ಇನ್ನೂ ಉಳಿದಿರುವುದೂ ಆ ಅನುಬಂಧ ಸಿ ಕಾಲದ ಬ್ರೌಸರ್‌ಗಳ ದಯೆ. ಇಂದು ಆ ಸ್ಪೇಸ್ ಬೇಕಿಲ್ಲ.

ಇವರ ಬಳಿ ಎಕ್ಸ್‌ಎಸ್‌ಎಲ್‌ಟಿ ಇದೆ. ಒಂದೇ ಮರದಿಂದ (ಎಲಿಮೆಂಟ್‌ಗಳ ರಚನೆಯಿಂದ) ಎರಡು ಫೈಲು ತೆಗೆಯಲಿ: ವೆಬ್‌ಗೆ ಎಚ್‌ಟಿಎಂಎಲ್ ಮೆಥಡ್, ಇಪಬ್‌ಗೆ ಎಕ್ಸ್‌ಎಚ್‌ಟಿಎಂಎಲ್ ಮೆಥಡ್. ತಲೆನೋವು ಮುಗಿಯಿತು.

ಡಾಮ್‌ದೊರೆ

ಅರ್ಧ ತಲೆನೋವು ಮುಗಿಯಿತು ಅನ್ನಿ ಸರ್. ಸೀರಿಯಲೈಸರ್ ಸರಿಮಾಡುವುದು ಟ್ಯಾಗ್ ಬರೆಯುವ ರೀತಿಯನ್ನು. ಎಚ್‌ಟಿಎಂಎಲ್ ಪಾರ್ಸರ್ ಆ ಮರವನ್ನು ಇದ್ದ ಹಾಗೇ ಮತ್ತೆ ಕಟ್ಟುತ್ತದೆ ಎಂಬ ಖಾತರಿ ಯಾವ ಸೀರಿಯಲೈಸರೂ ಕೊಡುವುದಿಲ್ಲ.

ಉದಾಹರಣೆಗೆ ಟೇಬಲ್. ಟಿಬಾಡಿ ಇಲ್ಲದೆ ನೇರ ಟಿಆರ್ ಬರೆದರೆ ಎಚ್‌ಟಿಎಂಎಲ್ ಪಾರ್ಸರ್ ನಡುವೆ ಟಿಬಾಡಿ ಸೇರಿಸುತ್ತದೆ, ಎಕ್ಸ್‌ಎಂಎಲ್ ಸೇರಿಸುವುದಿಲ್ಲ. ಟೇಬಲ್‌ನ ನೇರ ಮಗುವಾದ ಟಿಆರ್‌ಗೆ ಬರೆದ ಸಿಎಸ್‌ಎಸ್ ಇಪಬ್‌ನಲ್ಲಿ ಕೆಲಸ ಮಾಡಿ ವೆಬ್‌ನಲ್ಲಿ ಮಾಡದಿರುವುದು ಇದರಿಂದ. ಟಿಬಾಡಿಯನ್ನು, ಕಾಲ್ ಇದ್ದರೆ ಕಾಲ್‌ಗ್ರೂಪನ್ನೂ, ನೀವೇ ಬರೆಯಿರಿ.

ಪಿ ಒಳಗೆ ಯುಎಲ್ ಅಥವಾ ಡಿವ್ ಇಟ್ಟರೆ ಎಕ್ಸ್‌ಎಂಎಲ್‌ಗೆ ಅದು ವೆಲ್-ಫಾರ್ಮ್ಡ್ (ವ್ಯಾಕರಣಬದ್ಧ). ಎಚ್‌ಟಿಎಂಎಲ್ ಪಾರ್ಸರ್ ಯುಎಲ್ ಕಂಡ ಕೂಡಲೇ ಪಿಯನ್ನು ಮುಚ್ಚುತ್ತದೆ, ಕೊನೆಗೆ ಅನಾಥವಾಗಿ ಉಳಿದ ಪಿ ಮುಚ್ಚುವ ಟ್ಯಾಗಿಗೆ ಒಂದು ಖಾಲಿ ಪ್ಯಾರಾ ಹುಟ್ಟಿಸುತ್ತದೆ. ಟೇಬಲ್ ಒಳಗೆ ಸೆಲ್‌ನ ಹೊರಗೆ ಬಿದ್ದ ಪಠ್ಯವನ್ನು ಟೇಬಲ್‌ನ ಮೇಲಕ್ಕೆ ಎತ್ತಿ ಹಾಕುತ್ತದೆ.

ಪದ್ಯಗಳಿಗೆ ಪ್ರಿ ಟ್ಯಾಗ್ ಬಳಸುವವರು ಗಮನಿಸಿ: ಪ್ರಿ ತೆರೆದ ಕೂಡಲೇ ಬರುವ ಮೊದಲ ಸಾಲುಮುರಿತವನ್ನು ಎಚ್‌ಟಿಎಂಎಲ್ ತಿಂದುಹಾಕುತ್ತದೆ, ಎಕ್ಸ್‌ಎಂಎಲ್ ಉಳಿಸಿಕೊಳ್ಳುತ್ತದೆ. ಇಪಬ್‌ನಲ್ಲಿ ಪದ್ಯದ ಮೇಲೆ ಒಂದು ಖಾಲಿ ಸಾಲು ಹೆಚ್ಚು. ಆದ್ದರಿಂದ ಮೊದಲ ಸಾಲನ್ನು ಟ್ಯಾಗಿಗೆ ಅಂಟಿಸಿಯೇ ಶುರು ಮಾಡಿ. ಆ್ಯಟ್ರಿಬ್ಯೂಟ್ ಒಳಗಿನ ಸಾಲುಮುರಿತಕ್ಕೆ ಇದರ ಉಲ್ಟಾ: ಎಕ್ಸ್‌ಎಂಎಲ್ ಅದನ್ನು ಸ್ಪೇಸ್ ಮಾಡುತ್ತದೆ, ಎಚ್‌ಟಿಎಂಎಲ್ ಹಾಗೇ ಇಡುತ್ತದೆ. ಚಿತ್ರದ ಆಲ್ಟ್ ವಿವರಣೆ ಎಷ್ಟೇ ಉದ್ದವಿದ್ದರೂ ಒಂದೇ ಸಾಲಿನಲ್ಲಿರಲಿ.

ಪುಟಜೋಡಣೆ

ಹಳೆಯಟ್ಯಾಗು ಅವರ ಸಲಹೆ ಒಪ್ಪುತ್ತಿದ್ದೆ, ಆದರೆ ಕರಡು ತಿದ್ದುವವರು ಕೊನೆಯ ಫೈಲಿನಲ್ಲೇ ತಿದ್ದುತ್ತಾರೆ. ಎರಡು ಫೈಲು ಕೊಟ್ಟರೆ ಒಂದರಲ್ಲಿ ತಿದ್ದಿ ಇನ್ನೊಂದರಲ್ಲಿ ಬಿಡುತ್ತಾರೆ. ಹಾಗಾಗಿ ಒಂದೇ ಫೈಲು ಬೇಕು. ಎರಡೂ ಪಾರ್ಸರ್‌ಗಳಲ್ಲಿ ಒಂದೇ ಮರ ಬಂತೋ ಇಲ್ಲವೋ ಎಂದು ಪರೀಕ್ಷಿಸುವುದು ಹೇಗೆ?

ಹಳೆಯಟ್ಯಾಗು

ಕೈಯಲ್ಲಿ ತಿದ್ದುವುದು ಅನಿವಾರ್ಯ ಎಂದಾದರೆ ನನ್ನ ಆಕ್ಷೇಪವಿಲ್ಲ. ಒಂದು ಷರತ್ತು: ಜಾಲತಾಣದಲ್ಲಿ ಓದುಗರಿಗೆ ಟೆಕ್ಸ್ಟ್/ಎಚ್‌ಟಿಎಂಎಲ್ ಆಗಿಯೇ ಕಳಿಸಿ. ಎಕ್ಸ್‌ಎಂಎಲ್ ಆಗಿ ಕಳಿಸಿದ ಪುಟಕ್ಕೆ ಓದುಗರ ಪ್ರತಿಕ್ರಿಯೆಯೋ ಜಾಹೀರಾತೋ ಸೇರಿ, ಅದರಲ್ಲಿ ಒಂದು & ಬರಿದಾಗಿ ಉಳಿದರೆ ಸಾಕು, ಪುಟದ ಬದಲು ಎರರ್ ಬರುತ್ತದೆ. ಕ್ರೋಮ್ ತಪ್ಪು ಸಿಗುವವರೆಗಿನ ಭಾಗವನ್ನಾದರೂ ತೋರಿಸುತ್ತದೆ. ಫೈರ್‌ಫಾಕ್ಸ್‌ನ ಹಳದಿ ಪರದೆಗಂತೂ ಒಂದು ಕಾಲದಲ್ಲಿ ದೊಡ್ಡ ಹೆಸರಿತ್ತು.

ಡಾಮ್‌ದೊರೆ

ಪರೀಕ್ಷೆ ಮೂರು ಹಂತ, ಅಗ್ಗದ್ದರಿಂದ ದುಬಾರಿಯ ಕಡೆಗೆ.

ಮೊದಲು ಎಕ್ಸ್‌ಎಂಎಲ್‌ಲಿಂಟ್ ಅನ್ನು "ನೋಔಟ್" ಆಯ್ಕೆಯೊಂದಿಗೆ ಓಡಿಸಿ. ಮೌನವಾಗಿದ್ದರೆ ವೆಲ್-ಫಾರ್ಮ್ಡ್. ಕೋಟ್ಸ್ ಇಲ್ಲದ ಆ್ಯಟ್ರಿಬ್ಯೂಟ್, ಬೆಲೆಯಿಲ್ಲದ ಚೆಕ್ಡ್, ಬರಿದಾದ &, ಕಾಮೆಂಟ್ ಮಧ್ಯದ ಜೋಡಿ ಹೈಫನ್, ಎಲ್ಲ ಇಲ್ಲೇ ಸಿಕ್ಕಿಬೀಳುತ್ತವೆ.

ಎರಡನೆಯದು ನ್ಯೂ ಎಚ್‌ಟಿಎಂಎಲ್ ಚೆಕರ್, ಜಾವಾ ಇದ್ದರೆ ನಿಮ್ಮ ಯಂತ್ರದಲ್ಲೇ ಓಡುತ್ತದೆ. ಯಾವ ಪಾರ್ಸರ್ ಎಂಬುದನ್ನು ಅದು ಫೈಲಿನ ಬಾಲ (ಹೆಸರಿನ ಕೊನೆಯ .html ಅಥವಾ .xhtml) ನೋಡಿ ನಿರ್ಧರಿಸುತ್ತದೆ. ಹಾಗಾಗಿ ಒಂದೇ ಫೈಲನ್ನು ಎರಡು ಬಾಲದಲ್ಲಿ ನಕಲು ಮಾಡಿ ಎರಡನ್ನೂ ಕೊಡಿ. ಪಿ ಒಳಗಿನ ಯುಎಲ್ ಥರದ್ದು ಇಲ್ಲಿ ಸಿಗುತ್ತದೆ. ಟಿಬಾಡಿ ಇಲ್ಲದ್ದು ಮಾತ್ರ ಸಿಗುವುದಿಲ್ಲ, ಅದು ಎರಡೂ ಕಡೆ ಕಾನೂನುಬದ್ಧ. ಪ್ರಿ ಸಾಲುಮುರಿತವೂ ಸಿಗುವುದಿಲ್ಲ.

ಅದಕ್ಕೇ ಮೂರನೆಯ ಹಂತ. ಎರಡು ನಕಲನ್ನೂ ಬ್ರೌಸರ್‌ನ ಎರಡು ಟ್ಯಾಬಿನಲ್ಲಿ ತೆರೆದು, ಕನ್ಸೋಲ್‌ನಲ್ಲಿ ಡಾಕ್ಯುಮೆಂಟ್‌ನ ಕಂಟೆಂಟ್‌ಟೈಪ್ ನೋಡಿ. ಎರಡೂ ಒಂದೇ ತೋರಿಸಿದರೆ ನಿಮ್ಮ ಸರ್ವರ್ ಬಾಲಕ್ಕೆ ತಕ್ಕ ಮೈಮ್ ಟೈಪ್ ಕೊಡುತ್ತಿಲ್ಲ, ಪರೀಕ್ಷೆಗೆ ಅರ್ಥವಿಲ್ಲ. ಬೇರೆ ಬೇರೆ ಇದ್ದರೆ ಕ್ವೆರಿಸೆಲೆಕ್ಟರ್‌ಆಲ್‌ಗೆ * ಕೊಟ್ಟು ಎಲಿಮೆಂಟ್‌ಗಳ ಸಂಖ್ಯೆ ನೋಡಿ. ಸಂಖ್ಯೆ ತಾಳೆಯಾಗಲೇಬೇಕು. ಒಂದೊಂದು ಟೇಬಲ್‌ಗೆ ಒಂದೊಂದು ಹೆಚ್ಚಿದ್ದರೆ ಟಿಬಾಡಿ. ಎಚ್‌ಟಿಎಂಎಲ್ ಕಡೆ ಭಾರಿ ಕಡಿಮೆಯಿದ್ದರೆ ಸ್ಕ್ರಿಪ್ಟೋ ಟೈಟಲ್ಲೋ ನುಂಗಿದೆ. ಪ್ರತಿ ಪ್ರಿಯ ಟೆಕ್ಸ್ಟ್‌ಕಂಟೆಂಟ್ ಉದ್ದವನ್ನೂ ಹೋಲಿಸಿ.

ಬಾಡಿಯ ಒಟ್ಟು ಪಠ್ಯದ ಉದ್ದ ಒಂದೆರಡು ಅಕ್ಷರ ಬೇರೆ ಬಂದರೆ ಗಾಬರಿ ಬೇಡ. ಬಾಡಿ ಮುಚ್ಚಿದ ಮೇಲಿನ ಸಾಲುಮುರಿತವನ್ನು ಎಚ್‌ಟಿಎಂಎಲ್ ಪಾರ್ಸರ್ ಬಾಡಿಯೊಳಕ್ಕೇ ಎಳೆದುಕೊಳ್ಳುತ್ತದೆ. ಅದರಿಂದ ಯಾರಿಗೂ ನಷ್ಟವಿಲ್ಲ.

ಪುಟಜೋಡಣೆ

ಇಪಬ್:ಟೈಪ್ ಆ್ಯಟ್ರಿಬ್ಯೂಟ್‌ಗೆ ಎಚ್‌ಟಿಎಂಎಲ್ ನಕಲಿನಲ್ಲಿ ಚೆಕರ್ ಎರರ್ ಕೊಡುತ್ತಿದೆ. ತೆಗೆದುಬಿಡಲೇ?

ಕೋನಾವರಣ

ಎರಡಕ್ಕೂ ಪೂರ್ತಿ ಒಪ್ಪಬೇಕೆಂದರೆ ತೆಗೆಯಬೇಕು. ನೇಮ್‌ಸ್ಪೇಸ್ (ಯಾವ ಹೆಸರು ಯಾವ ಭಾಷೆಯದೆಂಬ ಗುರುತು) ಎಂಬುದೇ ಎಚ್‌ಟಿಎಂಎಲ್ ಪಾರ್ಸರ್‌ಗೆ ಗೊತ್ತಿಲ್ಲ. ಎಚ್‌ಟಿಎಂಎಲ್, ಎಸ್‌ವಿಜಿ ಟ್ಯಾಗ್‌ಗಳ ಮೇಲೆ ಎಕ್ಸ್‌ಎಂಎಲ್‌ಎನ್‌ಎಸ್ ಬರೆಯಲು ಬಿಡುತ್ತದೆ ಅಷ್ಟೆ. ಅವನ್ನು ಮಾತ್ರ ಬಿಡಬೇಡಿ, ಎಕ್ಸ್‌ಎಂಎಲ್ ಕಡೆ ಅವಿಲ್ಲದಿದ್ದರೆ ಪುಟ ಪುಟವೇ ಅಲ್ಲ. ಇಪಬ್:ಟೈಪ್ ಬದಲಿಗೆ ರೋಲ್ ಆ್ಯಟ್ರಿಬ್ಯೂಟ್‌ನಲ್ಲಿ "ಡಾಕ್-ಚಾಪ್ಟರ್", "ಡಾಕ್-ಪೇಜ್‌ಬ್ರೇಕ್" ಮುಂತಾದ ಬೆಲೆಗಳಿವೆ, ಎರಡೂ ಕಡೆ ಸಲ್ಲುತ್ತವೆ. ನ್ಯಾವಿಗೇಶನ್ ಫೈಲಿಗೆ ಮಾತ್ರ ಇಪಬ್:ಟೈಪ್ ಬೇಕೇ ಬೇಕು, ಅದನ್ನು ವೆಬ್‌ಗೆ ಹಾಕುವ ಗೋಜಿಗೆ ಹೋಗಬೇಡಿ. ಅಲಂಕಾರಕ್ಕೆ ಇಪಬ್:ಟೈಪ್ ಹಿಡಿದು ಸಿಎಸ್‌ಎಸ್ ಬರೆದಿದ್ದರೆ ಕ್ಲಾಸ್‌ಗೆ ಬದಲಿಸಿ. ಆ ಸೆಲೆಕ್ಟರನ್ನು ಎರಡು ಕಡೆ ಎರಡು ಥರ ಬರೆಯಬೇಕಾಗುತ್ತದೆ.

ಎಸ್‌ವಿಜಿಯಲ್ಲಿ ವ್ಯೂಬಾಕ್ಸ್ ತರಹದ ಹೆಸರುಗಳ ನಡುವಿನ ದೊಡ್ಡಕ್ಷರ ಹಾಗೇ ಉಳಿಯಲಿ. "ಎಲ್ಲ ಸಣ್ಣಕ್ಷರ" ನಿಯಮವನ್ನು ಕುರುಡಾಗಿ ಓಡಿಸಿದರೆ ಎಕ್ಸ್‌ಎಂಎಲ್ ಕಡೆ ಚಿತ್ರದ ಅಳತೆ ಕೆಡುತ್ತದೆ.

ಪುಟಜೋಡಣೆ

ಕೊನೆಯ ಪ್ರಶ್ನೆ. ವೆಬ್ ಪುಟದಲ್ಲಿ ಕಠಿಣ ಪದ ಒತ್ತಿದರೆ ಅರ್ಥ ತೋರಿಸುವ ಸಣ್ಣ ಸ್ಕ್ರಿಪ್ಟ್ ಇದೆ. ಅದಕ್ಕೆ @ ಚಿಹ್ನೆಯಿಂದ ಶುರುವಾಗುವ ಆ್ಯಟ್ರಿಬ್ಯೂಟ್ ಬಳಸಿದ್ದೇವೆ. ಎಕ್ಸ್‌ಎಂಎಲ್‌ಲಿಂಟ್ ಅಲ್ಲೇ ನಿಂತುಬಿಟ್ಟಿತು.

ಡಾಮ್‌ದೊರೆ

ನಿಲ್ಲಲೇಬೇಕು, @ ಎಕ್ಸ್‌ಎಂಎಲ್ ಹೆಸರಿನಲ್ಲಿ ಬರುವಂತಿಲ್ಲ. ಕೋಲನ್ ಇರುವ ಉದ್ದ ರೂಪಕ್ಕೆ ಬದಲಿಸಿದರೂ ಉಪಯೋಗವಿಲ್ಲ, ಕೋಲನ್‌ಗೆ ಮೊದಲಿನ ಭಾಗವನ್ನು ನೇಮ್‌ಸ್ಪೇಸ್ ಪ್ರಿಫಿಕ್ಸ್ ಎಂದು ತಿಳಿದು ಅದನ್ನು ಎಲ್ಲಿ ಘೋಷಿಸಿದ್ದೀರಿ ಎಂದು ಕೇಳುತ್ತದೆ. ಪದದ ಮೇಲೆ ಡೇಟಾ-ಅರ್ಥ ಎಂಬಂಥ ಆ್ಯಟ್ರಿಬ್ಯೂಟ್ ಹಾಕಿ (ಹೆಸರು ಇಂಗ್ಲಿಷ್ ಸಣ್ಣಕ್ಷರದಲ್ಲೇ ಇರಲಿ, ಹೈಫನ್ ಪರವಾಗಿಲ್ಲ), ಹೊರಗಿನ ಫೈಲಿನಿಂದ ಆ್ಯಡ್‌ಇವೆಂಟ್‌ಲಿಸನರ್ ಮೂಲಕ ಜೋಡಿಸಿ.

ಸ್ಕ್ರಿಪ್ಟನ್ನು ಪುಟದೊಳಗೇ ಬರೆಯಬೇಡಿ. < ಮತ್ತು && ಎರಡೂ ಎಕ್ಸ್‌ಎಂಎಲ್‌ಗೆ ಮಾರ್ಕಪ್; ಎಸ್ಕೇಪ್ ಮಾಡಿದರೆ ಎಚ್‌ಟಿಎಂಎಲ್ ಕಡೆ ಜಾವಾಸ್ಕ್ರಿಪ್ಟ್ ಮುರಿಯುತ್ತದೆ. ಜೋಡಿ ಸ್ಲ್ಯಾಶ್ ಕಾಮೆಂಟಿನಲ್ಲಿ ಸಿಡೇಟಾ ಗುರುತು (ಒಳಗಿನದು ಮಾರ್ಕಪ್ ಅಲ್ಲ ಎಂದು ಎಕ್ಸ್‌ಎಂಎಲ್‌ಗೆ ಹೇಳುವುದು) ಅಡಗಿಸುವ ಹಳೆಯ ಉಪಾಯ ಈಗಲೂ ನಡೆಯುತ್ತದೆ, ಆದರೆ ಕೈಯಲ್ಲಿ ತಿದ್ದುವವರ ಕಣ್ಣಿಗೆ ಅದು ಕಸದಂತೆ ಕಂಡು ಅಳಿಸಿಬಿಡುತ್ತಾರೆ. ನೋಸ್ಕ್ರಿಪ್ಟ್ ಇದ್ದರೆ ತೆಗೆಯಿರಿ, ಎಕ್ಸ್‌ಎಂಎಲ್‌ನಲ್ಲಿ ಅದರ ಒಳಗಿನದು ಯಾವಾಗಲೂ ಮಾಮೂಲಿ ಎಲಿಮೆಂಟ್‌ಗಳೇ.

ಆ ಹೊರಗಿನ ಫೈಲಿನಲ್ಲೂ ಮೂರು ಕಡೆ ಹುಡುಕಿ. ಡಾಕ್ಯುಮೆಂಟ್.ರೈಟ್ ಎಕ್ಸ್‌ಎಂಎಲ್ ಪುಟದಲ್ಲಿ ಕೆಲಸವೇ ಮಾಡುವುದಿಲ್ಲ. ಇನ್ನರ್‌ಎಚ್‌ಟಿಎಂಎಲ್‌ಗೆ ಕೊಡುವ ಸ್ಟ್ರಿಂಗ್ ವೆಲ್-ಫಾರ್ಮ್ಡ್ ಇಲ್ಲದಿದ್ದರೆ ಎಕ್ಸೆಪ್ಶನ್ ಎಸೆಯುತ್ತದೆ. ಅರ್ಥ ತೋರಿಸಲು ಟೆಕ್ಸ್ಟ್‌ಕಂಟೆಂಟ್ ಸಾಕು. ಟ್ಯಾಗ್‌ನೇಮ್ ಎಚ್‌ಟಿಎಂಎಲ್ ಪುಟದಲ್ಲಿ ದೊಡ್ಡಕ್ಷರದಲ್ಲಿ, ಎಕ್ಸ್‌ಎಂಎಲ್ ಪುಟದಲ್ಲಿ ಸಣ್ಣಕ್ಷರದಲ್ಲಿ ಬರುತ್ತದೆ. ಒತ್ತಿದ್ದು ಸ್ಪ್ಯಾನ್ ಹೌದೋ ಎಂದು ದೊಡ್ಡಕ್ಷರಕ್ಕೆ ಹೋಲಿಸಿದ್ದರೆ ಇಪಬ್ ಕಡೆ ಏನೂ ಆಗುವುದಿಲ್ಲ, ಎರರ್ ಕೂಡ ಬರುವುದಿಲ್ಲ. ಅಲ್ಲಿ ಲೋಕಲ್‌ನೇಮ್ ಹಾಕಿ, ಎರಡೂ ಕಡೆ ಸಣ್ಣಕ್ಷರವೇ ಸಿಗುತ್ತದೆ.

ಲಿಪಿಕಾರ

ಡೇಟಾ ಆ್ಯಟ್ರಿಬ್ಯೂಟ್ ಒಳಗೆ ಕನ್ನಡ ಅರ್ಥ ಬರೆಯುವಾಗ ಜೋಡಿ ಉದ್ಧರಣ ಚಿಹ್ನೆ ಬಂದರೆ ಕ್ವಾಟ್ ಎಂಟಿಟಿ ಬಳಸಿ, ಅದು ಐದರ ಪಟ್ಟಿಯಲ್ಲೇ ಇದೆ. < ಬಂದರೆ ಎಲ್‌ಟಿ. ಝಡ್‌ಡಬ್ಲ್ಯುಎನ್‌ಜೆ ಅಲ್ಲೂ &#8204; ಆಗಿಯೇ ಇರಲಿ; ಆ್ಯಟ್ರಿಬ್ಯೂಟ್ ಒಳಗೂ ಎರಡೂ ಪಾರ್ಸರ್‌ಗಳು ಅದನ್ನು ಅಕ್ಷರವಾಗಿ ಬಿಡಿಸುತ್ತವೆ.